ಗುಂಟೆಗೆ ನಾಲ್ಕು ಕಾರು

ಶಿರಸಿ ಪೇಟೆಯಲ್ಲಿ ಅಂಗಡಿ ಇಟ್ಟಿರುವ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಅಂಗಡಿಸಾಲಿನ ಹಿಂದಿರುವ ಸಮುದಾಯ ಭವನದ ಬೀಗ ತೆಗೆಯುವುದೇ ಅಪರೂಪ. ಗಿರಾಕಿಗಳು ಕಾರು ನಿಲ್ಲಿಸಲು ಜಾಗ ಸಿಗದೆ ಎರಡು ಸುತ್ತು ಹಾಕಿ ಹೊರಟುಹೋಗುತ್ತಾರೆ. ಮಾರಿಕಾಂಬಾ ಜಾತ್ರೆ ಬಂದಾಗಲಂತೂ ದಟ್ಟಣೆ ಹೇಳತೀರದು. ಭವನ ಕೆಡವಿ ಅಲ್ಲಿ ಕಾರು ನಿಲ್ದಾಣ ಮಾಡಿ ಎಂದು ನೀವೇಕೆ ಬರೆಯುವುದಿಲ್ಲ? ಪತ್ರಿಕೆಯವರಿಗೆ ಪಾಳು ಗೋಡೆಯೂ ಸಂಸ್ಕೃತಿಯೇ?’

ಸಂಪಾದಕರ ಉತ್ತರ

ಮಾನ್ಯರೇ,

ಪಾಳು ಗೋಡೆಯ ಮೋಹ ನನಗಿಲ್ಲ. 1688ರಲ್ಲಿ ಕಟ್ಟಿದ ಮಾರಿಕಾಂಬಾ ದೇವಸ್ಥಾನ ಇರುವ ಊರು ನಮ್ಮದು. ಹಳೆಯದು ಯಾವುದು, ಬರೀ ಹಳತಾದದ್ದು ಯಾವುದು ಎಂದು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನೀವು ಹೇಳುವ ಭವನ ಎರಡನೆಯ ಜಾತಿಯದು. ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆಯೆಲ್ಲ ಪಾಚಿ, ಒಳಗೆ ಒಂದು ಮಾತಾಡಿದರೆ ಎರಡು ಸಲ ಕೇಳಿಸುತ್ತದೆ.

ಗಿರಾಕಿಯ ಕಷ್ಟವೂ ಸುಳ್ಳಲ್ಲ. ನಮ್ಮ ಕಡೆ ಮನೆಗಳಿರುವುದು ತೋಟದ ಅಂಚಿನಲ್ಲಿ, ಒಂದಕ್ಕೊಂದು ದೂರ. ಸಂಜೆಯ ಬಸ್ಸು ತಪ್ಪಿದರೆ ಗತಿಯಿಲ್ಲ. ಅಡಕೆ ಕೊಟ್ಟು, ಔಷಧಿ ಕೊಂಡು, ಮುದುಕರನ್ನು ವೈದ್ಯರಿಗೆ ತೋರಿಸಿ ಹೋಗಬೇಕಾದವರು ಕಾರು ತರುವುದನ್ನು ಶೋಕಿ ಎನ್ನಲಾರೆ. (ನಾನು ಓಡಾಡುವುದು ಸ್ಕೂಟರಿನಲ್ಲಿ. ಅದನ್ನು ನಿಲ್ಲಿಸಲೂ ಕೆಲವೊಮ್ಮೆ ಜಾಗ ಸಿಗುವುದಿಲ್ಲ.)

ಇನ್ನು ಲೆಕ್ಕ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ಅಷ್ಟೇ ಸಾಲದು. ಒಳಗೆ ಬರಲು, ತಿರುಗಿಸಲು, ಹೊರಗೆ ಹೋಗಲು ದಾರಿ ಬೇಕು. ಹೀಗಾಗಿ ನಗರ ಯೋಜನೆ ಮಾಡುವವರು ಬಯಲಿನಲ್ಲಿ ಕಾರೊಂದಕ್ಕೆ ಸುಮಾರು 23 ಚದರ ಮೀಟರ್ ಹಿಡಿಯುತ್ತಾರೆ. ಒಂದು ಗುಂಟೆ ಎಂದರೆ 101 ಚದರ ಮೀಟರ್. ಗುಂಟೆಗೆ ನಾಲ್ಕು ಕಾರು, ನಾಲ್ಕೂವರೆಯೂ ಇಲ್ಲ. ಭವನ, ಅದರ ಮುಂದಿನ ಅಂಗಳ ಎಲ್ಲ ಸೇರಿ ನನ್ನ ಕಣ್ಣಳತೆಯಲ್ಲಿ 8 ಗುಂಟೆ ಇರಬಹುದು. ಮೇಲಿನ ಮಾಡಿನಿಂದ ಕೆಳಗಿನ ಅಡಿಪಾಯದವರೆಗೆ ಎಲ್ಲ ಕಿತ್ತರೂ ನಿಮಗೆ ಸಿಗುವುದು 35 ಕಾರಿನ ಜಾಗ. ಪತ್ರ ಓದಿದಾಗ ನನ್ನ ಮನಸ್ಸಿನಲ್ಲಿ ನೂರಿತ್ತು. ನಿಮ್ಮ ಮನಸ್ಸಿನಲ್ಲೂ ಅಷ್ಟೇ ಇದ್ದಿರಬೇಕು.

ಆ 35ರಲ್ಲಿ ನಿಲ್ಲುವವರು ಯಾರು? ಇಲ್ಲಿ ಸ್ವಲ್ಪ ಖಾರವಾಗಿ ಬರೆಯುತ್ತಿದ್ದೇನೆ, ಬೇಸರಿಸಬೇಡಿ. ನಿಮ್ಮ ಪತ್ರ ಬಂದ ಮೇಲೆ ಎರಡು ದಿನ ಆ ಬೀದಿಯಲ್ಲಿ ಬೆಳಗ್ಗೆಯೊಮ್ಮೆ, ಸಂಜೆಯೊಮ್ಮೆ ನಡೆದು ನೋಡಿದೆ. ಅಂಗಡಿಗಳ ಬಾಗಿಲು ತೆಗೆಯುವಾಗ ನಿಂತ ಕಾರುಗಳಲ್ಲಿ ಹಲವು ದೀಪ ಹಚ್ಚುವ ಹೊತ್ತಿಗೂ ಅಲ್ಲೇ ಇದ್ದವು. ಅವು ಗಿರಾಕಿಗಳ ಕಾರುಗಳಲ್ಲ, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರ ಕಾರುಗಳು. ಬೆಳಗ್ಗೆ 9ರಿಂದ ಸಂಜೆ 7ರವರೆಗೆ ಒಂದೇ ಕಾರು ನಿಂತರೆ ಆ ಜಾಗ ಒಬ್ಬರಿಗೇ ಆಯಿತು. ಎರಡು ಗಂಟೆಗೊಮ್ಮೆ ತೆರವಾದರೆ ಐವರಿಗಾಗುತ್ತದೆ. ಅಂಥ 7 ಕಾರುಗಳು ರಸ್ತೆ ಬಿಟ್ಟರೆ ದಿನಕ್ಕೆ 35 ಗಿರಾಕಿಗಳು ಬಂದು ಹೋಗಬಹುದು. ಹಾರೆ, ಪಿಕಾಸಿ ಏನೂ ಬೇಡ.

ಆ 7 ಕಾರುಗಳು ಎಲ್ಲಿಗೆ ಹೋಗಬೇಕು ಎಂದು ನೀವು ಕೇಳಬೇಕು, ಕೇಳುತ್ತೀರಿ. ಭವನದ ಮುಂದಿನ ಅಂಗಳಕ್ಕೆ. ಎರಡು ಗುಂಟೆಗೆ ಕಡಿಮೆಯಿಲ್ಲ. ಎಂಟು ಕಾರು ಹಿಡಿಯುತ್ತದೆ. ತಿಂಗಳ ಬಾಡಿಗೆ ಕೊಟ್ಟು ನಿಲ್ಲಿಸಲಿ. ಕಾರು ನಿಲ್ಲಿಸುವ ಶುಲ್ಕ ಆ ನೆಲದ ಬೆಲೆಗೆ ತಕ್ಕಂತಿರಬೇಕು ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. ಪೇಟೆಯಲ್ಲಿ ಗುಂಟೆಗೆ ಎಷ್ಟು ನಡೆಯುತ್ತಿದೆ ಎಂದು ನಿಮಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ.

ಇನ್ನು ಬೀಗದ ವಿಷಯ. ಹಿಂದೆ ಮನೆಯಂಗಳದಲ್ಲಿ ಚಪ್ಪರ ಹಾಕಿ ಮದುವೆ ಮಾಡುತ್ತಿದ್ದವರು ಆಮೇಲೆ ಇಂಥ ಭವನಗಳಿಗೆ ಬಂದರು. ಈಗ ಊಟದ ಹಾಲ್, ಉಳಿಯಲು ಕೋಣೆ, ದೊಡ್ಡ ಅಡುಗೆಮನೆ ಇರುವ ಕಲ್ಯಾಣ ಮಂಟಪಗಳಿಗೆ ಹೋಗುತ್ತಾರೆ. ಆದರೆ ಭವನದ ದರಪಟ್ಟಿ ಇನ್ನೂ ಮದುವೆಯವರಿಗಾಗಿಯೇ ಕಾಯುತ್ತಿದೆ. ಕಳೆದ ಆಷಾಢದಲ್ಲಿ ನಾವು ಕೆಲವರು ಒಂದು ತಾಳಮದ್ದಳೆಗೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನಕ್ಕೆ, ಅದನ್ನು ಕೇಳಿದ್ದೆವು. ಬೇಕಾದದ್ದು ಸಂಜೆಯ ನಾಲ್ಕು ಗಂಟೆ. ಬಾಡಿಗೆ ಇಡೀ ದಿನದ್ದು, ಠೇವಣಿ ಮದುವೆಯದು. ಹೋಗಲಿ ಎಂದು ಒಪ್ಪಿಕೊಂಡರೆ ಕೀಲಿಕೈ ಇಟ್ಟುಕೊಂಡವರು ಮೂರು ಸಲ ಹೋದರೂ ಸಿಗಲಿಲ್ಲ. ಕೊನೆಗೆ ಸ್ನೇಹಿತರೊಬ್ಬರ ಮನೆಯ ಜಗುಲಿಯಲ್ಲಿ ಭಾಗವತರನ್ನು ಕೂರಿಸಿದೆವು. ಕೇಳುಗರಲ್ಲಿ ಅರ್ಧ ಜನ ಇರಿಚಲಿಗೆ ನೆನೆದರು. ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ವಾದ ಜೋರಾಗಿತ್ತು, ಯಾರೂ ಎದ್ದು ಹೋಗಲಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಊರಿನಲ್ಲಿ ನೂರು ಜನ ನೆನೆಯದೆ ಕೂರಲು ಮಾಡು ಬೇಕು. ವೇಷ ಕಟ್ಟಿ ಬಯಲಲ್ಲಿ ಕುಣಿಯಲಾಗದ ಆ ತಿಂಗಳುಗಳಲ್ಲೇ ತಾಳಮದ್ದಳೆಗೆ ಕಳೆ. ಜಾತ್ರೆಯಿಲ್ಲದ ವರ್ಷ ಹೋಳಿ ಹಬ್ಬದಲ್ಲಿ ಬೇಡರ ವೇಷ ಕಟ್ಟಿ ಕುಣಿಯುವ ಹುಡುಗರು ಅಭ್ಯಾಸಕ್ಕೆ ಅಲ್ಲಿ ಇಲ್ಲಿ ಜಾಗ ಹುಡುಕುವುದನ್ನು ನೀವೂ ನೋಡಿರಬೇಕು. ಇವರಿಗೆಲ್ಲ ಗಂಟೆಯ ಲೆಕ್ಕದ ಬಾಡಿಗೆ ಇಟ್ಟು, ಕೀಲಿಕೈಯನ್ನು ಸಿಗುವ ಮನುಷ್ಯರ ಕೈಗೆ ಕೊಟ್ಟು ಒಂದು ವರ್ಷ ನೋಡಲಿ. ಆಗಲೂ ಯಾರೂ ಬರದಿದ್ದರೆ ಕೆಡವಿ ಎಂದು ನಾನೇ ಬರೆಯುತ್ತೇನೆ.

ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯ ದಟ್ಟಣೆಯನ್ನೂ ನೀವು ನೆನಪಿಸಿದ್ದೀರಿ. ಲಕ್ಷಗಟ್ಟಲೆ ಜನ ಸೇರುವ ಜಾತ್ರೆಗೆ 35 ಕಾರಿನ ಜಾಗ ಯಾವ ಮೂಲೆಗೂ ಸಾಲದು. ಅದನ್ನು ಬಿಡೋಣ.

ಬರುವ ಸಂತೆಯ ದಿನ ಬೆಳಗ್ಗೆ ನಿಮ್ಮ ಅಂಗಡಿಗೆ ಬರುತ್ತೇನೆ. ಎದುರಿಗೆ ನಿಲ್ಲುವ ಪ್ರತಿ ಕಾರು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ನೀವು ಬರೆದಿಡಿ. ಭವನದ ಬಾಡಿಗೆ ಪುಸ್ತಕವನ್ನು ನಾನು ಕೇಳಿ ತರುತ್ತೇನೆ. ಎರಡನ್ನೂ ಮುಂದಿನ ಸಂಚಿಕೆಯಲ್ಲಿ ಅಕ್ಕಪಕ್ಕ ಅಚ್ಚು ಹಾಕೋಣ. ನಿಮ್ಮ ಕಾರನ್ನು ಮಾತ್ರ ಆ ದಿನ ಮನೆಯಲ್ಲೇ ಬಿಟ್ಟು ಬನ್ನಿ.