ಪ್ರಶ್ನೋತ್ತರ: ರಾಡಾರ್‌ನ ಹಸಿ ಲೆಕ್ಕ

ಪ್ರಶ್ನೆ: ಟಿ.ವಿ.ಯಲ್ಲಿ ಹವಾಮಾನ ರಾಡಾರ್‌ನ ಬಣ್ಣದ ನಕ್ಷೆ ನೋಡುತ್ತೇವೆ. ಆಂಟೆನಾಗೆ ಬಂದ ಮೂಲ ಸಿಗ್ನಲ್ಲನ್ನು ಯಾರಾದರೂ ಹಾಗೇ ಕೂಡಿಡುತ್ತಾರೆಯೇ? ಯಾವ ರೂಪದಲ್ಲಿ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಕೂಡಿಡುವವರು ಕಡಿಮೆ. ಮುಖ್ಯ ಮಳೆಗಳದ್ದಾದರೂ ಇಡಲೇಬೇಕು ಎನ್ನುವವನು ನಾನು.

ರಾಡಾರ್ ಒಂದು ಪಲ್ಸ್, ಅಂದರೆ ರೇಡಿಯೊ ಅಲೆಯ ಪುಟ್ಟ ತುಣುಕು, ಬಿಟ್ಟರೆ ಹತ್ತಿರದ ಹನಿಗಳಿಂದ ಮೊದಲು, ದೂರದ ಹನಿಗಳಿಂದ ಆಮೇಲೆ ಪ್ರತಿಧ್ವನಿ ಬರುತ್ತದೆ. ರಿಸೀವರ್ ಒಂದೊಂದು ದೂರಕ್ಕೂ ಐ, ಕ್ಯೂ ಎಂಬ ಎರಡು ಸಂಖ್ಯೆ ಬರೆದುಕೊಳ್ಳುತ್ತದೆ. ಗಡಿಯಾರದ ಮುಳ್ಳು ನೆನೆಸಿಕೊಳ್ಳಿ: ಉದ್ದವೇ ಪ್ರತಿಧ್ವನಿಯ ಬಲ, ನಿಂತ ಕೋನವೇ ಫೇಸ್. ಮುಳ್ಳಿನ ತುದಿ ಅಡ್ಡಕ್ಕೆಷ್ಟು, ಮೇಲಕ್ಕೆಷ್ಟು ಅನ್ನುವುದೇ ಐ ಮತ್ತು ಕ್ಯೂ. ತರಂಗಾಂತರ 10 ಸೆಂ.ಮೀ., ಸೆಕೆಂಡಿಗೆ 1000 ಪಲ್ಸ್ ಇದ್ದಾಗ, ಒಂದು ಪಲ್ಸ್‌ನಿಂದ ಇನ್ನೊಂದಕ್ಕೆ ಮುಳ್ಳು 36 ಡಿಗ್ರಿ ತಿರುಗಿತು ಅನ್ನಿ. ಅಲೆ ಹೋಗಿ ಬರುವುದರಿಂದ ಸರಿದ ದೂರ ಅದರ ಅರ್ಧ: ಹನಿ 5 ಮಿ.ಮೀ. ಸರಿದಿದೆ, ಗಂಟೆಗೆ 18 ಕಿ.ಮೀ. ವೇಗ.

ಕಡತ ಹೇಗಿರುತ್ತದೆ? ವೈಸಾಲಾ ಕಂಪನಿಯ ಆರ್‌ವಿಪಿ8 ಎಂಬ ರಾಡಾರ್ ಸಿಗ್ನಲ್ ಸಂಸ್ಕಾರಕ ಬರೆದದ್ದನ್ನು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ. ಮೊದಲ ಸಾಲುಗಳನ್ನು ಕಣ್ಣಲ್ಲೇ ಓದಬಹುದು: ಕೇಂದ್ರದ ಹೆಸರು, ತರಂಗಾಂತರ, ಪಲ್ಸ್‌ನ ಅಗಲ. ಆಮೇಲೆ ಪ್ರತಿ ಪಲ್ಸ್‌ಗೂ ಒಂದು ಪುಟ್ಟ ಹೆಡರ್. ಸಮಯ, ಆಂಟೆನಾ ನೋಡುತ್ತಿದ್ದ ದಿಕ್ಕು ಅದರಲ್ಲಿರುತ್ತವೆ. ಅದರ ಕೆಳಗೆ ಅಕ್ಷರಗಳ ಕಲಸುಮೇಲೋಗರ. ಅದೇ ಐ, ಕ್ಯೂ. ಹತ್ತಿರದ ಗುಡ್ಡದ ಪ್ರತಿಧ್ವನಿಗೂ ದೂರದ ತುಂತುರಿನದ್ದಕ್ಕೂ ನೂರು ಕೋಟಿ ಪಟ್ಟು ವ್ಯತ್ಯಾಸ ಇರಬಹುದು. ಅಷ್ಟನ್ನೂ ಹಿಡಿಸಲು 16 ಬಿಟ್‌ನೊಳಗೆ ಘಾತಾಂಕ (ಸಂಖ್ಯೆಯನ್ನು ಎಷ್ಟು ಹಿಗ್ಗಿಸಬೇಕು ಎಂಬ ಗುರುತು) ಸೇರಿಸಿ ಒತ್ತಿ ತುಂಬಿರುತ್ತಾರೆ.

ಎಸೆಯುವುದಕ್ಕೆ ಕಾರಣ ಗಾತ್ರ. ಪ್ರತಿ ಪಲ್ಸ್‌ಗೆ 1000 ದೂರಗಳು, ಎರಡು ಧ್ರುವೀಕರಣ (ಅಡ್ಡ, ಲಂಬ ಕಂಪಿಸುವ ಎರಡು ಬಗೆಯ ಅಲೆ), ಸೆಕೆಂಡಿಗೆ 1000 ಪಲ್ಸ್, ಐ, ಕ್ಯೂ ತಲಾ ಎರಡು ಬೈಟ್ ಅಂದರೆ ಸೆಕೆಂಡಿಗೆ 80 ಲಕ್ಷ ಬೈಟ್, ದಿನಕ್ಕೆ ಸುಮಾರು 690 ಗಿಗಾಬೈಟ್.

ನನಗೆ ಈಗಲೂ ಕೊರೆಯುವ ಒಂದು ಸಂಜೆಯಿದೆ. ನಾನಿದ್ದ ಕೇಂದ್ರದ ನಕ್ಷೆಯಲ್ಲಿ ಮಳೆಯ ನಡುವೆ ಹೋಳಿಗೆ ಕತ್ತರಿಸಿದ ಹಾಗೆ ಒಂದು ಖಾಲಿ ಜಾಗ. ಅಲ್ಲಿಂದಲೇ ಫೋನ್: "ಸಾರ್, ಇಲ್ಲಿ ಧೋ ಅಂತ ಸುರೀತಿದೆ." ಆ ದಿಕ್ಕಿನಲ್ಲಿ ಮಳೆ ನಮಗೆ ಅಡ್ಡಡ್ಡ ಸಾಗುತ್ತಿತ್ತು, ನಮ್ಮತ್ತ ಬರುವ ವೇಗ ಸೊನ್ನೆ. ಗುಡ್ಡ, ಕಟ್ಟಡಗಳನ್ನು ಅಳಿಸುವ ಫಿಲ್ಟರ್ ಅದನ್ನೂ ಗುಡ್ಡವೆಂದೇ ತಿಳಿದು ನುಂಗಿಬಿಟ್ಟಿತ್ತು. ಹಸಿ ಕಡತ ಇದ್ದಿದ್ದರೆ ಫಿಲ್ಟರ್ ಸಡಿಲಿಸಿ ಮತ್ತೆ ಲೆಕ್ಕ ಹಾಕಬಹುದಿತ್ತು. ಬೆಳಗಾಗುವಷ್ಟರಲ್ಲಿ ಡಿಸ್ಕ್ ಅದರ ಮೇಲೇ ಹೊಸತನ್ನು ಬರೆದಾಗಿತ್ತು.

ಪ್ರಶ್ನೆ: ಮನೆಯಲ್ಲೇ ಅಭ್ಯಾಸ ಮಾಡಲು ದತ್ತಾಂಶ ಸಿಗುತ್ತದೆಯೇ?
– ಅದೇ ಓದುಗರು

ಉತ್ತರ: ಅಮೆರಿಕದ ಡಬ್ಲ್ಯೂಎಸ್‌ಆರ್‌-88ಡಿ ರಾಡಾರ್‌ಗಳ ಲೆವೆಲ್ 2 ಕಡತಗಳು 1991ರಿಂದ ಸಂಗ್ರಹವಾಗಿವೆ, 2015ರಿಂದ ಅಮೆಜಾನ್ ಕ್ಲೌಡ್‌ನಲ್ಲಿ ಉಚಿತ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಪೈ-ಆರ್ಟ್ ತಂತ್ರಾಂಶ ಅವನ್ನು ಓದುತ್ತದೆ. ಇವು ಹಸಿ ಐ-ಕ್ಯೂ ಅಲ್ಲ, ಅದರಿಂದ ಲೆಕ್ಕ ಹಾಕಿದ ಪ್ರತಿಫಲನ, ವೇಗ ಇತ್ಯಾದಿ. ವೇಗದ ನಕ್ಷೆ ನೋಡುವಾಗ ರಾಡಾರ್ ಸರಿಯಾಗಿ ಅಳೆಯಬಲ್ಲ ಗರಿಷ್ಠ ವೇಗ ತಿಳಿಯಲು ತರಂಗಾಂತರವನ್ನು ಪಲ್ಸ್ ದರದಿಂದ ಗುಣಿಸಿ 4ರಿಂದ ಭಾಗಿಸಿ ನೋಡಿ. 10 ಸೆಂ.ಮೀ., 1000 ಪಲ್ಸ್‌ಗೆ ಸೆಕೆಂಡಿಗೆ 25 ಮೀಟರ್ ಬರುತ್ತದೆ. ಗಾಳಿ ಅದನ್ನು ದಾಟಿದ ಕೂಡಲೇ ನಕ್ಷೆಯಲ್ಲಿ ಎದುರು ದಿಕ್ಕಿಗೆ ಬೀಸಿದಂತೆ ಕಾಣುತ್ತದೆ.