ಕೋಲ್ಡ್ ಸ್ಟೋರೇಜಿನ ಆಲೂಗಡ್ಡೆ ಸಿಹಿಯಾಗುವುದು ಯಾಕೆ?

ಹಾಸನದ ಸಂತೆಯಲ್ಲಿ ತಂದ ಕೋಲ್ಡ್ ಸ್ಟೋರೇಜ್ ಆಲೂಗಡ್ಡೆ ಸಿಹಿ ಬರುತ್ತದೆ, ಚಿಪ್ಸ್ ಕರಿದರೆ ಕಪ್ಪಾಗುತ್ತದೆ, ಏನಾದರೂ ಔಷಧಿ ಹಾಕಿರುತ್ತಾರಾ ಅಂತ ಕೇಳಿದ್ದೀರಿ. ಇದಕ್ಕೆ ಔಷಧಿ ಬೇಕಿಲ್ಲ, ಚಳಿಯೊಂದೇ ಸಾಕು.

ಆಲೂಗಡ್ಡೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು. ಉಳಿದದ್ದರಲ್ಲಿ ಹೆಚ್ಚಿನದು ಪಿಷ್ಟ, ಅಂದರೆ ಗ್ಲೂಕೋಸ್ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದನೆಯ ಸರಪಳಿ. ಬಿಡಿ ಗ್ಲೂಕೋಸ್ ಸಿಹಿ, ಸರಪಳಿ ಸಪ್ಪೆ. ಅಷ್ಟು ದೊಡ್ಡ ಅಣುವನ್ನು ನಾಲಿಗೆ ಸಿಹಿ ಅಂತ ಗುರುತಿಸುವುದಿಲ್ಲ.

ಕಿತ್ತ ಮೇಲೂ ಗಡ್ಡೆಗೆ ಜೀವ ಇರುತ್ತದೆ, ಉಸಿರಾಡುತ್ತಲೇ ಇರುತ್ತದೆ. 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಾರಗಟ್ಟಲೆ ಇಟ್ಟರೆ ಅದರೊಳಗಿನ ಕಿಣ್ವಗಳು, ಅಂದರೆ ಜೀವಕೋಶದಲ್ಲಿ ರಾಸಾಯನಿಕ ಕೆಲಸ ನಡೆಸುವ ಪ್ರೋಟೀನ್‌ಗಳು, ಪಿಷ್ಟವನ್ನು ಒಡೆಯುತ್ತವೆ. ಮೊದಲು ಸುಕ್ರೋಸ್ ಆಗುತ್ತದೆ. ಅದು ನಾವು ಟೀಗೆ ಹಾಕುವ ಸಕ್ಕರೆಯೇ. ಅದನ್ನು ಇನ್ವರ್ಟೇಸ್ ಎಂಬ ಕಿಣ್ವ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಸೀಳುತ್ತದೆ. ಚಳಿಗೆ ಉಸಿರಾಟ ನಿಧಾನ, ಹಾಗಾಗಿ ಸಕ್ಕರೆ ಖರ್ಚಾಗದೆ ಉಳಿಯುತ್ತದೆ.

ಬಿಸಿ ಎಣ್ಣೆಗೆ ಬಿದ್ದಾಗ ಈ ಎರಡು ಸಕ್ಕರೆಗಳು ಗಡ್ಡೆಯಲ್ಲಿರುವ ಅಮೈನೋ ಆಮ್ಲಗಳ (ಪ್ರೋಟೀನ್ ಕಟ್ಟುವ ಸಣ್ಣ ಅಣುಗಳ) ಜೊತೆ ಸೇರಿ ಕಂದಾಗುತ್ತವೆ. ಇದನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸ್‌ನ ಲೂಯಿ ಕಮೀಲ್ ಮಯಾರ್. ದೋಸೆಗೆ ಬರುವ ಕೆಂಪು ಬಣ್ಣವೂ ಇದರಿಂದಲೇ, ಅಲ್ವಾ, ಚೆನ್ನಾಗೇ ಇರುತ್ತದೆ. ಆದರೆ ಚಿಪ್ಸ್ ಕಪ್ಪಾಗುವಷ್ಟು ಕರಿದರೆ ಕಹಿ ಬರುತ್ತದೆ. ಅಕ್ರಿಲಮೈಡ್ ಅನ್ನುವ ಬೇಡದ ವಸ್ತುವೂ ಹೆಚ್ಚುತ್ತದೆ. ದಯವಿಟ್ಟು ಮಕ್ಕಳಿಗೆ ಅದನ್ನು ಕೊಡಬೇಡಿ.

ಅಂಥ ಗಡ್ಡೆಯನ್ನು ಪಲ್ಯಕ್ಕೋ ಸಾಗುಗೋ ಬೇಯಿಸಿ. ಚಿಪ್ಸೇ ಬೇಕಾದರೆ ಫ್ರಿಜ್‌ಗೆ ಹಾಕದೆ ಮನೆಯ ಕತ್ತಲೆ ಮೂಲೆಯಲ್ಲಿ ಎರಡು ಮೂರು ವಾರ ಬಿಡಿ. ಒಂದಷ್ಟು ಸಕ್ಕರೆ ಮತ್ತೆ ಪಿಷ್ಟವಾಗುತ್ತದೆ, ಒಂದಷ್ಟು ಉಸಿರಾಟಕ್ಕೆ ಹೋಗುತ್ತದೆ.