ಲಾಟರಿಯಲ್ಲಿ 25 ಕೋಟಿ ಬಂದರೆ ಕೈಗೆ ಸಿಗೋದು ಎಷ್ಟು?

ಕೇರಳದ ಓಣಂ ಬಂಪರ್‌ನಲ್ಲಿ 25 ಕೋಟಿ ಗೆದ್ದವರ ಖಾತೆಗೆ ಬರುವುದು ಸುಮಾರು 15.75 ಕೋಟಿ. ಅದೂ ಪೂರ್ತಿ ಅವರದಲ್ಲ.

ಮೊದಲು ಏಜೆಂಟರ ಕಮಿಷನ್ ಶೇ 10, ಅಂದರೆ 2.5 ಕೋಟಿ ಹೋಗುತ್ತದೆ. ಉಳಿದ 22.5 ಕೋಟಿಗೆ ಶೇ 30 ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ. ಸಂಬಳಕ್ಕಿರುವ ಹಾಗೆ ಇಲ್ಲಿ ಸ್ಲ್ಯಾಬ್, ಅಂದರೆ ಆದಾಯ ಏರಿದ ಹಾಗೆ ಏರುವ ದರ ಇಲ್ಲ.

ಜನ ಎಡವುವುದು ಇದಾದ ಮೇಲೆ. ದೊಡ್ಡ ಆದಾಯಕ್ಕೆ ತೆರಿಗೆಯ ಮೇಲೆ ಮತ್ತೆ ಬೀಳುವ ಸರ್‌ಚಾರ್ಜ್, ಸೆಸ್ಸು ಟಿಡಿಎಸ್‌ನಲ್ಲಿ ಸೇರಿರುವುದಿಲ್ಲ. ಅದನ್ನು ಗೆದ್ದವರೇ ಆಮೇಲೆ ಕಟ್ಟಬೇಕು, 2 ಕೋಟಿಗೂ ಜಾಸ್ತಿ! ಅಷ್ಟರಲ್ಲಿ ಸೈಟು, ಕಾರು, ನೆಂಟರಿಗೆ ಸಾಲ ಅಂತ ಖರ್ಚು ಮಾಡಿಕೊಂಡಿದ್ದರೆ ಪೇಚಾಟ ಅಲ್ವಾ?

2024ರಲ್ಲಿ ಈ ಬಂಪರ್ ಹೊಡೆದದ್ದು ನಮ್ಮ ಮಂಡ್ಯ ಜಿಲ್ಲೆಯವರೊಬ್ಬರಿಗೆ. ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲವಲ್ಲ, ವಯನಾಡಿನಲ್ಲಿ ಕೊಂಡ 500 ರೂಪಾಯಿ ಟಿಕೆಟ್ ಅದು.